ನಂಬುಗೆಯಿಂದ ಪ್ರಮಾಣದತ್ತ: ಆದೇಶಸಾಲಿನ ಕಡತ ವರ್ಗಾವಣೆಯ ಇತಿಹಾಸ

ಪೀಠಿಕೆ

ಗಣಕಯಂತ್ರಗಳ ಇತಿಹಾಸವನ್ನು ಬರೆದವರು ಯಂತ್ರಗಳ ವೇಗ, ಸಾಮರ್ಥ್ಯ ಮತ್ತು ಬೆಲೆಗಳ ಬದಲಾವಣೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಆದರೆ ಒಂದು ಯಂತ್ರದಲ್ಲಿರುವ ಕಡತವನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುವ ಸಾಧಾರಣ ಕಾರ್ಯಕ್ಕೂ ತನ್ನದೇ ಆದ ಇತಿಹಾಸವಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪರದೆಯ ಮೇಲೆ ಒಂದು ಸಾಲಿನ ಆದೇಶವನ್ನು ಬರೆದು ಕಡತವನ್ನು ಕಳುಹಿಸುವ ಪದ್ಧತಿಯು ಐದು ದಶಕಗಳಿಗೂ ಹೆಚ್ಚು ಕಾಲದಿಂದ ಉಳಿದುಬಂದಿದೆ. ಈ ಅವಧಿಯಲ್ಲಿ ಎಫ್‌ಟಿಪಿ, ಯುಯುಸಿಪಿ, ಆರ್‌ಸಿಪಿ, ಎಸ್‌ಸಿಪಿ, ಆರ್‌ಸಿಂಕ್ ಮೊದಲಾದ ಆದೇಶಗಳು ಒಂದರ ನಂತರ ಒಂದರಂತೆ ಬಳಕೆಗೆ ಬಂದವು. ಮೇಲ್ನೋಟಕ್ಕೆ ಇದು ಅನುಕೂಲತೆಯ ಬೆಳವಣಿಗೆಯಂತೆ ಕಾಣುತ್ತದೆ. ಆಳವಾಗಿ ಪರಿಶೀಲಿಸಿದಾಗ, ಕಳುಹಿಸುವವರು ಯಾರು, ಪಡೆಯುವವರು ಯಾರು, ಕಳುಹಿಸಿದ್ದೇ ತಲುಪಿತೇ ಎಂಬ ಮೂರು ಪ್ರಶ್ನೆಗಳಿಗೆ ಆಯಾ ಕಾಲವು ಕೊಟ್ಟ ಉತ್ತರಗಳ ಇತಿಹಾಸವೇ ಇದಾಗಿದೆ. ಮೊದಲಿಗೆ ಈ ಪ್ರಶ್ನೆಗಳಿಗೆ ನಂಬುಗೆಯೇ ಉತ್ತರವಾಗಿತ್ತು. ಕ್ರಮೇಣ ಆ ಸ್ಥಾನಕ್ಕೆ ಪ್ರಮಾಣವು ಬಂದಿತು. ಈ ಪಲ್ಲಟದ ಮುಖ್ಯ ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅರ್ಪಾನೆಟ್ ಮತ್ತು ಅಭಯ್ ಭೂಷಣ್

1969ರ ಅಕ್ಟೋಬರ್ 29ರಂದು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಜಾಲವೊಂದು ಏರ್ಪಟ್ಟ ಮಾತ್ರಕ್ಕೆ ಯಂತ್ರಗಳ ನಡುವೆ ಸಂವಾದ ಸಾಧ್ಯವಾಗಲಿಲ್ಲ. ಅಂದಿನ ಯಂತ್ರಗಳು ಪರಸ್ಪರ ಭಿನ್ನ ಜಾತಿಯವು. ಪಿಡಿಪಿ-10 ಯಂತ್ರದ ಪದವು 36 ಬಿಟ್‌ಗಳದ್ದು. ಅದರಲ್ಲಿ ಏಳು ಬಿಟ್‌ಗಳ ಐದು ಅಕ್ಷರಗಳನ್ನಿಟ್ಟರೆ ಒಂದು ಬಿಟ್ ಉಳಿಯುತ್ತಿತ್ತು. ಐಬಿಎಂ 360 ಯಂತ್ರದ ಪದವು 32 ಬಿಟ್‌ಗಳದ್ದು. ಅದರಲ್ಲಿ ಎಂಟು ಬಿಟ್‌ಗಳ ನಾಲ್ಕು ಅಕ್ಷರಗಳು ಹಿಡಿಯುತ್ತಿದ್ದವು. ರೋಮನ್ ಲಿಪಿಯ ದೊಡ್ಡಕ್ಷರ 'ಎ'ಗೆ ಆಸ್ಕಿ ಸಂಕೇತದಲ್ಲಿ 65 ಎಂಬ ಸಂಖ್ಯೆಯಿದ್ದರೆ ಐಬಿಎಂನ ಎಬ್ಸಿಡಿಕ್ ಸಂಕೇತದಲ್ಲಿ 193 ಎಂಬ ಸಂಖ್ಯೆಯಿತ್ತು. ಹೀಗಾಗಿ ಕಡತವನ್ನು ಸಾಗಿಸುವುದೆಂದರೆ ಬಿಟ್‌ಗಳನ್ನು ಸಾಗಿಸುವುದಷ್ಟೇ ಆಗಿರಲಿಲ್ಲ. ಅವುಗಳನ್ನು ಹೇಗೆ ಓದಬೇಕೆಂಬ ಒಪ್ಪಂದವೂ ಅಗತ್ಯವಾಗಿತ್ತು.

ಈ ಒಪ್ಪಂದದ ಮೊದಲ ಕರಡನ್ನು ಸಿದ್ಧಪಡಿಸಿದವರು ಭಾರತೀಯ ಮೂಲದ ಅಭಯ್ ಭೂಷಣ್ ಎಂಬುದು ಉಲ್ಲೇಖಾರ್ಹ. ಕಾನ್ಪುರದ ಐಐಟಿಯ ಮೊದಲ ತಂಡದ ಪದವೀಧರರಾದ ಅವರು ಉನ್ನತ ವ್ಯಾಸಂಗಕ್ಕಾಗಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ತೆರಳಿದ್ದರು. 1971ರ ಏಪ್ರಿಲ್ 16ರ ದಿನಾಂಕವುಳ್ಳ ಆರ್‌ಎಫ್‌ಸಿ 114 ಎಂಬ ದಾಖಲೆಯಲ್ಲಿ ಅವರು ಕಡತ ವರ್ಗಾವಣೆಯ ನಿಯಮಾವಳಿಯನ್ನು, ಅಂದರೆ ಪ್ರೋಟೊಕಾಲನ್ನು, ಪ್ರತಿಪಾದಿಸಿದರು. ದೂರದ ಯಂತ್ರದ ಬಳಕೆಯಲ್ಲಿ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಗಳನ್ನು ಆ ದಾಖಲೆಯು ಗುರುತಿಸುತ್ತದೆ. ನೇರ ಬಳಕೆಯಲ್ಲಿ ಬಳಕೆದಾರನು ದೂರದ ಯಂತ್ರವನ್ನು ಪ್ರವೇಶಿಸಿ ಅದರ ರೀತಿನೀತಿಗಳನ್ನು ಕಲಿತು ಕೆಲಸ ಮಾಡಬೇಕು. ಪರೋಕ್ಷ ಬಳಕೆಯಲ್ಲಿ ತನ್ನ ಯಂತ್ರದ ಮುಂದೆಯೇ ಕುಳಿತು, ದೂರದ ಯಂತ್ರದ ಒಳವಿವರಗಳನ್ನು ತಿಳಿಯದೆಯೇ, ಅಲ್ಲಿನ ಕಡತಗಳನ್ನು ಪಡೆಯಬಹುದು. ನಂತರದ ಎಲ್ಲ ವರ್ಗಾವಣೆ ಆದೇಶಗಳಿಗೂ ಈ ಎರಡನೆಯ ಕಲ್ಪನೆಯೇ ತಳಹದಿಯಾಯಿತು.

1972ರ ಜುಲೈ ತಿಂಗಳ ಆರ್‌ಎಫ್‌ಸಿ 354ರ ಹಂತಕ್ಕೆ ಬರುವಾಗ ಈ ಪ್ರೋಟೊಕಾಲ್ ಹಲವು ಪರಿಷ್ಕರಣೆಗಳನ್ನು ಕಂಡಿತ್ತು. ಆದೇಶಗಳು ಒಂದು ಸಂಪರ್ಕದಲ್ಲೂ ಕಡತದ ದತ್ತಾಂಶವು ಇನ್ನೊಂದು ಸಂಪರ್ಕದಲ್ಲೂ ಸಾಗುವ ವ್ಯವಸ್ಥೆ ರೂಪುಗೊಂಡಿತು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ಎನ್‌ಸಿಪಿ ನಿಯಮಗಳನ್ನು ಬಿಟ್ಟು ಟಿಸಿಪಿ/ಐಪಿಯನ್ನು ಅಂಗೀಕರಿಸಿದ ನಂತರ, 1985ರ ಅಕ್ಟೋಬರ್‌ನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರ ಆರ್‌ಎಫ್‌ಸಿ 959 ಪ್ರಕಟವಾಯಿತು. ಎಫ್‌ಟಿಪಿಯ ಸ್ಥಿರ ರೂಪವು ಇದೇ. ಆದೇಶಕ್ಕೆ 21ನೆಯ ದ್ವಾರ, ದತ್ತಾಂಶಕ್ಕೆ 20ನೆಯ ದ್ವಾರ ನಿಗದಿಯಾದವು.

ವಿದ್ಯುನ್ಮಾನ ಅಂಚೆಯ ಉಗಮವೂ ಕಡತ ವರ್ಗಾವಣೆಯೊಂದಿಗೆ ಬೆಸೆದುಕೊಂಡಿದೆ. 1971ರಲ್ಲಿ ರೇ ಟಾಮ್ಲಿನ್ಸನ್ ಅವರು ಒಂದೇ ಯಂತ್ರದೊಳಗೆ ಸಂದೇಶ ಬಿಡುವ ತಂತ್ರಾಂಶವನ್ನು ಸಿಪಿವೈನೆಟ್ ಎಂಬ ಕಡತ ವರ್ಗಾವಣೆಯ ತಂತ್ರಾಂಶದೊಂದಿಗೆ ಜೋಡಿಸಿ ಜಾಲದ ಮೇಲಿನ ಅಂಚೆಯನ್ನು ಸಾಧಿಸಿದರು. 1982ರಲ್ಲಿ ಅಂಚೆಗಾಗಿಯೇ ಎಸ್‌ಎಂಟಿಪಿ ಎಂಬ ಪ್ರತ್ಯೇಕ ಪ್ರೋಟೊಕಾಲ್ ರೂಪುಗೊಳ್ಳುವ ಮೊದಲಿನ ಒಂದು ದಶಕದ ಕಾಲ ಎಫ್‌ಟಿಪಿಯ ಆದೇಶಗಳು ಅಂಚೆಯನ್ನೂ ಹೊತ್ತವು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಎಫ್‌ಟಿಪಿಯಲ್ಲಿ ಬಳಕೆದಾರನ ಹೆಸರೂ ಗುಪ್ತಪದವೂ ಯಾವ ಮರೆಯೂ ಇಲ್ಲದೆ ಇದ್ದ ಹಾಗೆಯೇ ಸಾಗುತ್ತಿದ್ದವು. ಅದು ಮುದ್ರೆಯೊತ್ತದ ಓಲೆಯಂತೆ. ದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದಿತ್ತು. ಇದನ್ನು ಕೇವಲ ಅಜಾಗ್ರತೆ ಎನ್ನಲಾಗದು. ಜಾಲದಲ್ಲಿದ್ದ ಸಂಸ್ಥೆಗಳು ಕೆಲವೇ. ಯಂತ್ರಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಪರಸ್ಪರ ಪರಿಚಿತರು. ಪರಿಚಯವೇ ಅಂದಿನ ಭದ್ರತೆಯಾಗಿತ್ತು.

ದೂರವಾಣಿ ತಂತಿಯ ಮಾರ್ಗ

ಅರ್ಪಾನೆಟ್‌ನ ಸೌಲಭ್ಯವಿಲ್ಲದವರು ದೂರವಾಣಿ ತಂತಿಯನ್ನು ಆಶ್ರಯಿಸಿದರು. ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ 1970ರ ದಶಕದಲ್ಲಿ ರೂಪಿಸಿದ ಯುಯುಸಿಪಿಯು ಯುನಿಕ್ಸ್ ಯಂತ್ರಗಳ ನಡುವೆ ಕಡತಗಳನ್ನು ನಕಲಿಸುವ ಸಾಧನ. 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಅದು ವ್ಯಾಪಕವಾಗಿ ಹರಡಿತು. ಕಡತಗಳನ್ನು ಸರದಿಯಲ್ಲಿಟ್ಟುಕೊಂಡು, ಕರೆಯ ದರ ಕಡಿಮೆಯಿರುವ ರಾತ್ರಿಯ ವೇಳೆ ಒಂದು ಯಂತ್ರವು ಇನ್ನೊಂದಕ್ಕೆ ಕರೆ ಮಾಡಿ ಅವುಗಳನ್ನು ಒಪ್ಪಿಸಬಹುದಿತ್ತು. ನೇರ ಸಂಪರ್ಕವಿಲ್ಲದ ಊರಿಗೆ ತಲುಪಬೇಕಾದರೆ ನಡುವಿನ ಯಂತ್ರಗಳ ಹೆಸರುಗಳನ್ನು ಆಶ್ಚರ್ಯಸೂಚಕ ಚಿಹ್ನೆಯಿಂದ ಬೇರ್ಪಡಿಸಿ ಅನುಕ್ರಮವಾಗಿ ಬರೆಯಬೇಕಾಗಿತ್ತು. ಪ್ರತಿಯೊಂದು ಯಂತ್ರವೂ ಹಿಂದಿನದರಿಂದ ಪಡೆದು ಮುಂದಿನದಕ್ಕೆ ಕೊಡುವ ಓಲೆಕಾರನಂತೆ ವರ್ತಿಸುತ್ತಿತ್ತು. ಇಂತಹ ಸರಪಳಿಯಲ್ಲಿ ಒಬ್ಬ ಮಧ್ಯಸ್ಥನ ಯಂತ್ರ ಕೆಟ್ಟರೂ ಕಡತವು ಅಲ್ಲಿಯೇ ನಿಲ್ಲುತ್ತಿತ್ತು.

ದೂರವಾಣಿ ತಂತಿಯ ಸದ್ದಿನಲ್ಲಿ ಬಿಟ್‌ಗಳು ಕೆಡುತ್ತಿದ್ದುದರಿಂದ, ಕಳುಹಿಸಿದ್ದೇ ತಲುಪಿತೇ ಎಂಬ ಪ್ರಶ್ನೆ ಈ ಹಂತದಲ್ಲಿ ಪ್ರಧಾನವಾಯಿತು. 1977ರಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ರೂಪಿಸಿದ ಎಕ್ಸ್‌ಮೋಡೆಮ್ ಕಡತವನ್ನು 128 ಬೈಟ್‌ಗಳ ತುಂಡುಗಳಾಗಿಸಿ, ಪ್ರತಿ ತುಂಡಿನ ಕೊನೆಗೆ ಬೈಟ್‌ಗಳ ಮೊತ್ತದಿಂದ ಪಡೆದ ತಾಳೆಸಂಖ್ಯೆಯನ್ನು ಸೇರಿಸುತ್ತಿತ್ತು. ಸ್ವೀಕರಿಸಿದ ಯಂತ್ರವು ತಾನೂ ಮೊತ್ತ ಹಾಕಿ ಹೊಂದಿದರೆ ಸ್ವೀಕೃತಿಯನ್ನು, ಹೊಂದದಿದ್ದರೆ ನಿರಾಕರಣೆಯನ್ನು ಕಳುಹಿಸುತ್ತಿತ್ತು. ನಿರಾಕೃತವಾದ ತುಂಡು ಮತ್ತೆ ಬರುತ್ತಿತ್ತು. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಆರಂಭಿಸಿದ ಕರ್ಮಿಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಯಂತ್ರಣ ಸಂಕೇತಗಳನ್ನು ಸಾಮಾನ್ಯ ಅಕ್ಷರಗಳ ವೇಷದಲ್ಲಿ ಸಾಗಿಸಿ, ಅವುಗಳನ್ನು ಸಹಿಸದ ದೊಡ್ಡ ಯಂತ್ರಗಳೊಡನೆಯೂ ವ್ಯವಹರಿಸಬಲ್ಲದಾಯಿತು. ಆದರೆ ಈ ತಾಳೆಸಂಖ್ಯೆಗಳು ತಂತಿಯ ದೋಷವನ್ನು ಪತ್ತೆಹಚ್ಚುತ್ತಿದ್ದವೇ ಹೊರತು ಮನುಷ್ಯನ ದುರುದ್ದೇಶವನ್ನಲ್ಲ.

ಭಾರತದ ಶೈಕ್ಷಣಿಕ ಜಾಲವು ಹುಟ್ಟಿದ್ದು ಇದೇ ಕಾಲಘಟ್ಟದಲ್ಲಿ. 1986ರಲ್ಲಿ ಭಾರತ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮತ್ತು ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಅದರ ಆರಂಭಿಕ ಸಹಭಾಗಿಗಳು. ಅದರ ಮೊದಲ ವರ್ಷಗಳಲ್ಲಿ ದೂರವಾಣಿ ತಂತಿಯ ಮೇಲಿನ ಯುಯುಸಿಪಿಯೇ ಅಂಚೆಯ ವಾಹನವಾಗಿತ್ತು. ಸೆಕೆಂಡಿಗೆ 9,600 ಬಿಟ್‌ಗಳ ಮಾರ್ಗದಲ್ಲಿ ಒಂದು ಮೆಗಾಬೈಟಿನ ಕಡತ ತಲುಪಲು, ಯಾವ ಅಡಚಣೆಯೂ ಇಲ್ಲವೆಂದುಕೊಂಡರೂ, ಸುಮಾರು ಹದಿನೈದು ನಿಮಿಷ ಬೇಕಾಗುತ್ತದೆ. ಅಂದಿನ ಸಂಶೋಧಕರಿಗೆ ಕಡತದ ಗಾತ್ರವು ಎಷ್ಟು ಮುಖ್ಯವಾಗಿತ್ತೆಂಬುದನ್ನು ಈ ಲೆಕ್ಕದಿಂದ ಊಹಿಸಬಹುದು.

ನಂಬುಗೆಯ ಪಟ್ಟಿ

1983ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರಲ್ಲಿದ್ದ ಆರ್‌ಸಿಪಿ ಆದೇಶವು ಎಫ್‌ಟಿಪಿಗಿಂತ ಸರಳವಾಗಿತ್ತು. ಸ್ಥಳೀಯವಾಗಿ ಕಡತ ನಕಲಿಸುವ ಸಿಪಿ ಆದೇಶದಂತೆಯೇ ಮೂಲ ಮತ್ತು ಗುರಿಗಳನ್ನು ಬರೆದು, ಯಂತ್ರದ ಹೆಸರಿನ ಮುಂದೆ ವಿಸರ್ಗದಂತಹ ಎರಡು ಚುಕ್ಕೆಗಳನ್ನಿಟ್ಟರೆ ಸಾಕಾಗಿತ್ತು. ಗುಪ್ತಪದದ ಅಗತ್ಯವೂ ಇರಲಿಲ್ಲ. ಪ್ರತಿ ಯಂತ್ರದಲ್ಲಿ ತಾನು ನಂಬುವ ಇತರ ಯಂತ್ರಗಳ ಪಟ್ಟಿಯೊಂದು ಇರುತ್ತಿತ್ತು. ಪಟ್ಟಿಯಲ್ಲಿರುವ ಯಂತ್ರದಿಂದ ಬಂದ ಕೋರಿಕೆಯನ್ನು ಪ್ರಶ್ನಿಸದೆ ಒಪ್ಪಲಾಗುತ್ತಿತ್ತು.

ಈ ವ್ಯವಸ್ಥೆ ಎರಡು ಊಹೆಗಳ ಮೇಲೆ ನಿಂತಿತ್ತು. ಯಂತ್ರವು ಹೇಳಿಕೊಳ್ಳುವ ವಿಳಾಸ ನಿಜವೆಂಬುದು ಮೊದಲನೆಯದು. 1024ಕ್ಕಿಂತ ಕೆಳಗಿನ ದ್ವಾರಸಂಖ್ಯೆಯಿಂದ ಬರುವ ಕೋರಿಕೆಯ ಹಿಂದೆ ಯಂತ್ರದ ಮೇಲ್ವಿಚಾರಕನ ಅಧಿಕಾರವಿದೆ, ಆ ಮೇಲ್ವಿಚಾರಕ ಜವಾಬ್ದಾರಿಯುತ ವ್ಯಕ್ತಿ ಎಂಬುದು ಎರಡನೆಯದು. ವಿಭಾಗಕ್ಕೊಂದು ಯಂತ್ರವಿದ್ದ ಕಾಲದಲ್ಲಿ ಈ ಊಹೆಗಳು ಸಕಾರಣವಾಗಿದ್ದವು. ಪ್ರತಿಯೊಬ್ಬರ ಮೇಜಿನ ಮೇಲೂ ಸ್ವಂತ ಯಂತ್ರ ಬಂದಾಗ ಪ್ರತಿಯೊಬ್ಬರೂ ತಮ್ಮ ಯಂತ್ರದ ಮೇಲ್ವಿಚಾರಕರಾದರು. ಎರಡನೆಯ ಊಹೆ ಕುಸಿದುಬಿದ್ದಿತು. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್ ಈ ದೌರ್ಬಲ್ಯವನ್ನು ಬಯಲಿಗೆಳೆಯಿತು. ಅದು ಬಳಸಿಕೊಂಡ ಹಲವು ಮಾರ್ಗಗಳಲ್ಲಿ ಈ ನಂಬುಗೆಯ ಪಟ್ಟಿಗಳೂ ಒಂದು. ಒಂದು ಯಂತ್ರವನ್ನು ಹೊಕ್ಕ ನಂತರ, ಅದನ್ನು ನಂಬಿದ್ದ ನೆರೆಯ ಯಂತ್ರಗಳ ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು.

ತೆರೆದ ಉಗ್ರಾಣಗಳು

ಅಪರಿಚಿತರ ಮೇಲಿನ ನಂಬುಗೆಯು ಫಲ ಕೊಟ್ಟ ಉದಾಹರಣೆಯನ್ನೂ ಇಲ್ಲಿ ಮರೆಯುವಂತಿಲ್ಲ. 'ಅನಾನಿಮಸ್' ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಪ್ರವೇಶಿಸಿ ಕಡತಗಳನ್ನು ಒಯ್ಯಬಹುದಾದ ಎಫ್‌ಟಿಪಿ ಉಗ್ರಾಣಗಳನ್ನು ಅನೇಕ ವಿಶ್ವವಿದ್ಯಾಲಯಗಳು ತೆರೆದವು. ಯಾವ ಕಡತ ಯಾವ ಉಗ್ರಾಣದಲ್ಲಿದೆಯೆಂದು ತಿಳಿಯಲು 1990ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಲನ್ ಎಂಟೇಜ್ ಮತ್ತು ಸಂಗಡಿಗರು ಆರ್ಚಿ ಎಂಬ ಸೂಚಿಯನ್ನು ರೂಪಿಸಿದರು. ಜಾಲದ ಶೋಧಯಂತ್ರಗಳ ಪೂರ್ವಜನೆಂದು ಅದನ್ನು ಪರಿಗಣಿಸಲಾಗುತ್ತದೆ. 1991ರ ಸೆಪ್ಟೆಂಬರ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕಾರ್ಯಾಚರಣ ವ್ಯವಸ್ಥೆಯ ಮೊದಲ ಆವೃತ್ತಿಯನ್ನು ಫಿನ್‌ಲೆಂಡಿನ ಫುನೆಟ್ ಎಫ್‌ಟಿಪಿ ಉಗ್ರಾಣದಲ್ಲಿ ಇರಿಸಿದರು. ಅವರು ಆರಿಸಿಕೊಂಡಿದ್ದ ಹೆಸರು 'ಫ್ರೀಕ್ಸ್'. ಉಗ್ರಾಣದ ನಿರ್ವಾಹಕರಾಗಿದ್ದ ಆರಿ ಲೆಮ್ಕೆ ಕೋಶಕ್ಕೆ 'ಲಿನಕ್ಸ್' ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಗುಪ್ತಪದಗಳ ಕಳವು ಮತ್ತು ಎಸ್‌ಎಸ್‌ಎಚ್

1990ರ ದಶಕದ ಮೊದಲ ಭಾಗದಲ್ಲಿ ಜಾಲವು ಪರಿಚಿತರ ಬಳಗವಾಗಿ ಉಳಿಯಲಿಲ್ಲ. ಅಂದಿನ ಈಥರ್‌ನೆಟ್ ಜಾಲಗಳಲ್ಲಿ ಒಂದೇ ತಂತಿಯನ್ನು ಹಲವು ಯಂತ್ರಗಳು ಹಂಚಿಕೊಂಡಿದ್ದುದರಿಂದ, ಒಂದು ಯಂತ್ರವನ್ನು ವಶಪಡಿಸಿಕೊಂಡವನು ಆ ತಂತಿಯ ಮೇಲೆ ಹರಿಯುವ ಎಲ್ಲವನ್ನೂ ಆಲಿಸಬಹುದಿತ್ತು. ಎಫ್‌ಟಿಪಿ ಮತ್ತು ಟೆಲ್ನೆಟ್‌ಗಳ ಗುಪ್ತಪದಗಳು ಬಯಲಲ್ಲೇ ಸಾಗುತ್ತಿದ್ದವು. ಹೀಗೆ ಕದ್ದಾಲಿಸಿ ಗುಪ್ತಪದಗಳನ್ನು ಸಂಗ್ರಹಿಸುವ ದಾಳಿಗಳು ನಡೆಯುತ್ತಿವೆಯೆಂದು 1994ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಟ್ ಸಮನ್ವಯ ಕೇಂದ್ರವು ಬಹಿರಂಗವಾಗಿ ಎಚ್ಚರಿಸಿತು.

1995ರಲ್ಲಿ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹುದೇ ಕದ್ದಾಲಿಕೆ ಪತ್ತೆಯಾಯಿತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಇದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಅನ್ನು ರೂಪಿಸಿ ಅದೇ ವರ್ಷದ ಜುಲೈನಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಅದಕ್ಕೆ ದೊರೆತ ದ್ವಾರಸಂಖ್ಯೆ 22; ಅಂದರೆ ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವಿನದು. ತಾನು ಯಾವ ಎರಡರ ಸ್ಥಾನವನ್ನು ತುಂಬಬೇಕಾಗಿತ್ತೋ ಅವುಗಳ ನಡುವೆಯೇ ಅದು ನೆಲೆಗೊಂಡಿತು. ಅದರೊಂದಿಗೆ ಬಂದ ಎಸ್‌ಸಿಪಿಯು ಆರ್‌ಸಿಪಿಯದೇ ರೂಪ. ಆದೇಶದ ಬರವಣಿಗೆಯೂ ಅದೇ. ಬದಲಾದದ್ದು ಸಾಗುವ ಮಾರ್ಗ ಮಾತ್ರ. ಎಲ್ಲವೂ ಗೂಢಲಿಪಿಯಲ್ಲಿ ಸಾಗತೊಡಗಿತು. ಗುಪ್ತಪದದ ಬದಲಿಗೆ ಕೀಲಿಗಳ ಜೋಡಿಯನ್ನು ಬಳಸುವ ಅವಕಾಶವೂ ಒದಗಿತು. ಬಹಿರಂಗ ಕೀಲಿಯನ್ನು ದೂರದ ಯಂತ್ರದಲ್ಲಿಟ್ಟು ಖಾಸಗಿ ಕೀಲಿಯನ್ನು ತನ್ನಲ್ಲೇ ಉಳಿಸಿಕೊಂಡ ಬಳಕೆದಾರನು, ಆ ಖಾಸಗಿ ಕೀಲಿಯನ್ನು ಎಂದೂ ಹೊರಗೆ ಕಳುಹಿಸದೆಯೇ ಅದು ತನ್ನ ಬಳಿ ಇದೆಯೆಂದು ಸಾಧಿಸಿ ತೋರಿಸಬಹುದಾಯಿತು.

ಮೂಲ ತಂತ್ರಾಂಶದ ಪರವಾನಗಿ ನಿಯಮಗಳು ಕ್ರಮೇಣ ಬಿಗಿಯಾದಾಗ, ಓಪನ್‌ಬಿಎಸ್‌ಡಿ ತಂಡವು ಹಳೆಯ ಮುಕ್ತ ಆವೃತ್ತಿಯೊಂದನ್ನು ಆಧರಿಸಿ 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಅನ್ನು ಹೊರತಂದಿತು. 2006ರ ಜನವರಿಯಲ್ಲಿ ಈ ಪ್ರೋಟೊಕಾಲಿನ ಎರಡನೆಯ ಆವೃತ್ತಿಗೆ ಆರ್‌ಎಫ್‌ಸಿಗಳ ಮೂಲಕ ಪ್ರಮಾಣಿತ ರೂಪ ದೊರೆಯಿತು.

ಆದರೂ ಒಂದು ಎಡೆಯಲ್ಲಿ ನಂಬುಗೆ ಹಾಗೆಯೇ ಉಳಿಯಿತು. ಅಪರಿಚಿತ ಯಂತ್ರವನ್ನು ಮೊದಲ ಬಾರಿಗೆ ಸಂಪರ್ಕಿಸುವಾಗ ಎಸ್‌ಎಸ್‌ಎಚ್ ಅದರ ಕೀಲಿಯ ಗುರುತನ್ನು ತೋರಿಸಿ, ಇದನ್ನು ಖಚಿತಪಡಿಸಲಾಗದು, ಮುಂದುವರಿಯಬೇಕೆ ಎಂದು ಕೇಳುತ್ತದೆ. ಆ ಗುರುತನ್ನು ಬೇರೊಂದು ಮಾರ್ಗದಿಂದ ತಾಳೆ ನೋಡದೆ 'ಹೌದು' ಎಂದು ಬರೆಯುವ ಬಳಕೆದಾರನು, 1983ರ ನಂಬುಗೆಯ ಪಟ್ಟಿಗೆ ತನ್ನ ಕೈಯಾರೆ ಇನ್ನೊಂದು ಹೆಸರನ್ನು ಸೇರಿಸಿದಂತೆಯೇ ಸರಿ.

ವ್ಯತ್ಯಾಸವನ್ನಷ್ಟೇ ಕಳುಹಿಸುವ ವಿಧಾನ

1996ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ಅನ್ನು ಪ್ರಕಟಿಸಿದರು. ದೊಡ್ಡ ಕಡತವೊಂದರಲ್ಲಿ ಅಲ್ಪ ಬದಲಾವಣೆಯಾದಾಗ ಇಡೀ ಕಡತವನ್ನು ನಿಧಾನ ಮಾರ್ಗದಲ್ಲಿ ಮತ್ತೆ ಕಳುಹಿಸಬೇಕೆ ಎಂಬುದು ಅವರು ಎದುರಿಸಿದ ಪ್ರಶ್ನೆ. ವ್ಯತ್ಯಾಸವನ್ನು ತಿಳಿಯಲು ಹಳೆಯದು ಮತ್ತು ಹೊಸದು ಎರಡೂ ಒಂದೆಡೆ ಇರಬೇಕು. ಇಲ್ಲಿ ಅವು ಬೇರೆ ಬೇರೆ ಊರುಗಳಲ್ಲಿದ್ದವು.

ಅವರು ಕಂಡುಕೊಂಡ ಪರಿಹಾರ ಹೀಗಿತ್ತು. ಹಳೆಯ ಕಡತವಿರುವ ಯಂತ್ರವು ಅದನ್ನು ಸಮಾನ ಖಂಡಗಳಾಗಿ ವಿಭಾಗಿಸಿ, ಪ್ರತಿ ಖಂಡಕ್ಕೂ 32 ಬಿಟ್‌ಗಳ ಒಂದು ಸುಲಭ ತಾಳೆಸಂಖ್ಯೆಯನ್ನೂ 128 ಬಿಟ್‌ಗಳ ಒಂದು ದೃಢ ತಾಳೆಸಂಖ್ಯೆಯನ್ನೂ ಲೆಕ್ಕಹಾಕಿ ಇನ್ನೊಂದು ಯಂತ್ರಕ್ಕೆ ಕಳುಹಿಸುತ್ತದೆ. ಹೊಸ ಕಡತವಿರುವ ಯಂತ್ರವು ಒಂದೊಂದೇ ಬೈಟ್ ಸರಿಯುತ್ತಾ ಸುಲಭ ತಾಳೆಸಂಖ್ಯೆಯನ್ನು ಹೋಲಿಸುತ್ತದೆ. ಒಂದು ಬೈಟ್ ಸರಿದಾಗ ಹಿಂದಿನ ಮೊತ್ತದಿಂದ ಹೋದದ್ದನ್ನು ಕಳೆದು ಬಂದದ್ದನ್ನು ಕೂಡಿಸಿದರೆ ಸಾಕಾಗುವುದರಿಂದ ಈ ಲೆಕ್ಕ ತ್ವರಿತವಾಗಿ ಮುಗಿಯುತ್ತದೆ. ಸುಲಭ ಸಂಖ್ಯೆ ಹೊಂದಿದ ಎಡೆಯಲ್ಲಿ ಮಾತ್ರ ದೃಢ ಸಂಖ್ಯೆಯನ್ನು ಪರೀಕ್ಷಿಸಲಾಗುತ್ತದೆ. ಹೊಂದಿದ ಖಂಡಗಳಿಗೆ ಬದಲಾಗಿ ಅವುಗಳ ಕ್ರಮಾಂಕವೂ ಹೊಂದದ ಭಾಗಗಳಿಗೆ ನಿಜವಾದ ಬೈಟ್‌ಗಳೂ ರವಾನೆಯಾಗುತ್ತವೆ. ಕೊನೆಯಲ್ಲಿ ಇಡೀ ಕಡತದ ತಾಳೆ ನಡೆಯುತ್ತದೆ. ಮಿತವ್ಯಯಕ್ಕಾಗಿ ಹುಟ್ಟಿದ ಈ ಕ್ರಮದಲ್ಲಿ ಪರಿಶೀಲನೆಯು ವರ್ಗಾವಣೆಯ ಅವಿಭಾಜ್ಯ ಅಂಗವಾಯಿತು. ಪ್ರತಿಗಳನ್ನು ಕಾಲಕಾಲಕ್ಕೆ ನವೀಕರಿಸಿ ಕಾಪಿಡುವ ಸಂಸ್ಥೆಗಳು ಈ ಸಾಧನವನ್ನು ಮೆಚ್ಚಲು ಇದೂ ಕಾರಣ.

ಕನ್ನಡ ಕಡತಗಳ ಪ್ರಶ್ನೆ

1971ರಲ್ಲಿ ಅಭಯ್ ಭೂಷಣ್ ಎದುರಿಸಿದ ಅರ್ಥೈಸುವಿಕೆಯ ಸಮಸ್ಯೆ ಮೂರು ದಶಕಗಳ ನಂತರ ಕನ್ನಡದಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. 2000ರ ದಶಕದಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಅನೇಕ ಬರಹಗಳು ಆಯಾ ಅಕ್ಷರವಿನ್ಯಾಸದ ಸಂಕೇತಗಳಲ್ಲಿದ್ದವು. ಅಂತಹ ಕಡತವು ಒಂದು ಬಿಟ್ ಕೂಡ ಕೆಡದೆ ತಲುಪಿದರೂ, ಸ್ವೀಕರಿಸಿದವರಲ್ಲಿ ಅದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥಹೀನ ರೋಮನ್ ಚಿಹ್ನೆಗಳು ಮೂಡುತ್ತಿದ್ದವು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಯಲ್ಲಿ ನೆಲೆಯೂರಲು ವರ್ಷಗಳೇ ಹಿಡಿದವು. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಗಾತ್ರವು ಹೆಚ್ಚಿದರೂ ಯಾವ ಯಂತ್ರದಲ್ಲಾದರೂ ಓದಬಹುದೆಂಬ ಭರವಸೆ ಅದರಿಂದ ದೊರೆಯಿತು. ಎಫ್‌ಟಿಪಿಯ ಪಠ್ಯ ವಿಧಾನದಲ್ಲಿ ಸಾಲಿನ ಕೊನೆಯ ಗುರುತುಗಳು ಬದಲಾಗುವುದರಿಂದ, ಹಸ್ತಪ್ರತಿಗಳ ಛಾಯಾಚಿತ್ರಗಳಂತಹ ಕಡತಗಳನ್ನು ಅಜಾಗರೂಕತೆಯಿಂದ ಆ ವಿಧಾನದಲ್ಲಿ ಕಳುಹಿಸಿದರೆ ಅವು ಕೆಡುತ್ತವೆ ಎಂಬುದೂ ಗಮನಾರ್ಹ.

ಹಳೆಯ ದೋಷ, ಹೊಸ ಆಘಾತ

ಮಾರ್ಗವನ್ನು ಭದ್ರಪಡಿಸಿದರೂ ಆರ್‌ಸಿಪಿಯಿಂದ ಬಂದ ಒಳಗಿನ ನಂಬುಗೆ ಎಸ್‌ಸಿಪಿಯಲ್ಲಿ ಉಳಿದುಬಂದಿತ್ತು. ಕೋರಿದ ಕಡತದ ಹೆಸರನ್ನೇ ದೂರದ ಯಂತ್ರವು ಕಳುಹಿಸುತ್ತಿದೆಯೇ ಎಂಬುದನ್ನು ಸ್ವೀಕರಿಸುವ ಯಂತ್ರವು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ. ದುಷ್ಟ ಯಂತ್ರವೊಂದು ಕೇಳದ ಕಡತವನ್ನೂ ಇಳಿಸಬಹುದಿತ್ತು. 2019ರ ಜನವರಿಯಲ್ಲಿ ಫಿನ್‌ಲೆಂಡಿನ ಭದ್ರತಾ ಸಂಶೋಧಕ ಹ್ಯಾರಿ ಸಿಂಟೋನೆನ್ ಈ ದೋಷಗಳನ್ನು ಪ್ರಕಟಪಡಿಸಿದರು. 1983ರ ಸಂಕೇತದಲ್ಲಿ ಹುದುಗಿದ್ದ ಊಹೆಯೊಂದು ಮೂವತ್ತಾರು ವರ್ಷಗಳ ಕಾಲ ಹೀಗೆ ಪ್ರಯಾಣ ಮಾಡಿತ್ತು. ಎಸ್‌ಸಿಪಿಯ ಹಳೆಯ ಪ್ರೋಟೊಕಾಲನ್ನು ಬಿಡುವುದು ಲೇಸೆಂದು ಓಪನ್‌ಎಸ್‌ಎಸ್‌ಎಚ್ ತಂಡವು 2019ರಲ್ಲಿ ತಿಳಿಸಿ, 2022ರ ಏಪ್ರಿಲ್‌ನಲ್ಲಿ 9.0 ಆವೃತ್ತಿಯೊಂದಿಗೆ ಎಸ್‌ಸಿಪಿ ಆದೇಶವು ಒಳಗಿನಿಂದ ಎಸ್‌ಎಫ್‌ಟಿಪಿಯನ್ನು ಬಳಸುವಂತೆ ಬದಲಾಯಿಸಿತು. ಹೊರಗಿನ ಹೆಸರು ಉಳಿದು ಒಳಗಿನ ಕಾಯವು ಬದಲಾಯಿತು.

ಇದೇ ಅವಧಿಯಲ್ಲಿ ಎಫ್‌ಟಿಪಿಯೂ ಹಿನ್ನೆಲೆಗೆ ಸರಿಯಿತು. ಲಿನಕ್ಸ್‌ನ ಮೂಲ ಸಂಕೇತವನ್ನು ಹಂಚುವ ಕರ್ನೆಲ್ ಡಾಟ್ ಆರ್ಗ್ ಮತ್ತು ಡೆಬಿಯನ್ ಯೋಜನೆಗಳು 2017ರಲ್ಲಿ ತಮ್ಮ ಸಾರ್ವಜನಿಕ ಎಫ್‌ಟಿಪಿ ಸೇವೆಗಳನ್ನು ನಿಲ್ಲಿಸಿದವು. 2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಜಾಲವೀಕ್ಷಕಗಳು ಅದರ ಬೆಂಬಲವನ್ನು ಕೈಬಿಟ್ಟವು.

2024ರ ಮಾರ್ಚ್ 29ರಂದು ಬೆಳಕಿಗೆ ಬಂದ ಘಟನೆಯು ಈ ಇತಿಹಾಸಕ್ಕೆ ಹೊಸ ಅಧ್ಯಾಯವನ್ನು ಸೇರಿಸಿತು. ಕಡತಗಳನ್ನು ಸಂಕೋಚಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಮೂಲಕ ಎಸ್‌ಎಸ್‌ಎಚ್‌ಗೆ ಕಳ್ಳಬಾಗಿಲನ್ನು ಇರಿಸಲಾಗಿತ್ತು. ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಅದನ್ನು ಪತ್ತೆಹಚ್ಚಿದರು. ಅದನ್ನು ಸೇರಿಸಿದಾತನು ಎರಡು ವರ್ಷಗಳಿಗೂ ಹೆಚ್ಚು ಕಾಲ ಉಪಯುಕ್ತ ಕೆಲಸ ಮಾಡಿ ಆ ಯೋಜನೆಯ ವಿಶ್ವಾಸವನ್ನು ಗಳಿಸಿಕೊಂಡಿದ್ದನು. ತಂತಿಯನ್ನೂ ಯಂತ್ರವನ್ನೂ ನಂಬದೆ ಪ್ರಮಾಣ ಕೇಳುವ ವ್ಯವಸ್ಥೆಯೂ ಅದನ್ನು ಕಟ್ಟುವ ಮನುಷ್ಯರನ್ನು ನಂಬಲೇಬೇಕಾಗಿತ್ತು.

ಉಪಸಂಹಾರ

ಒಟ್ಟಿನಲ್ಲಿ, ಕಡತ ವರ್ಗಾವಣೆಯ ಇತಿಹಾಸವು ನಂಬುಗೆಯನ್ನು ನಿರ್ಮೂಲ ಮಾಡಿದ ಕಥೆಯಲ್ಲ. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುತ್ತಾ ಬಂದ ಕಥೆ. ಎಫ್‌ಟಿಪಿ ತನ್ನ ಬಳಗವನ್ನು ನಂಬಿತು, ಆರ್‌ಸಿಪಿ ಯಂತ್ರದ ವಿಳಾಸವನ್ನು ನಂಬಿತು, ಎಸ್‌ಎಸ್‌ಎಚ್ ಕೀಲಿಯನ್ನೂ ಮೊದಲ 'ಹೌದು' ಎಂಬ ಉತ್ತರವನ್ನೂ ನಂಬಿತು. ಪ್ರತಿಯೊಂದು ಸ್ಥಳಾಂತರವೂ ಹಿಂದಿನ ಊಹೆಯೊಂದು ಮುರಿದುಬಿದ್ದ ನಂತರವೇ ನಡೆಯಿತು ಎಂಬುದನ್ನು ಮೇಲಿನ ವಿವೇಚನೆ ತೋರಿಸುತ್ತದೆ.

ಗ್ರಂಥಾಲಯಗಳಿಗೂ ಸಂಶೋಧಕರಿಗೂ ಇದು ಕೇವಲ ತಾಂತ್ರಿಕ ವಿಷಯವಲ್ಲ. ತಾಳೆಗರಿಯ ಪ್ರತಿಯನ್ನು ನಕಲು ಮಾಡಿದ ಲಿಪಿಕಾರನ ಕೈತಪ್ಪುಗಳನ್ನು ಗ್ರಂಥಸಂಪಾದಕನು ಪಾಠಾಂತರಗಳನ್ನು ತೂಗಿ ನೋಡಿ ಗುರುತಿಸಬಲ್ಲನು. ಗಣಕಯಂತ್ರದ ನಕಲಿನಲ್ಲಿ ಅಂತಹ ಕೈಬರಹದ ಸುಳಿವು ಇರುವುದಿಲ್ಲ. ಕೆಟ್ಟ ಪ್ರತಿಯೂ ಒಳ್ಳೆಯ ಪ್ರತಿಯ ಹೆಸರನ್ನೇ ಹೊತ್ತು ಕಪಾಟಿನಲ್ಲಿ ಕೂರಬಲ್ಲದು. ಆದುದರಿಂದ ಕಡತದೊಂದಿಗೆ ಅದರ ತಾಳೆಸಂಖ್ಯೆಯನ್ನೂ ಬರೆದಿಟ್ಟು, ಪ್ರತಿ ಸಾಗಣೆಯ ನಂತರ ಹೋಲಿಸಿ ನೋಡುವುದು ಪಾಠಪರಿಷ್ಕರಣದಷ್ಟೇ ಅಗತ್ಯವಾದ ಕಾರ್ಯವಾಗಿದೆ.